ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ: ದೂರವೆಷ್ಟು, ಹೊತ್ತೆಷ್ಟು?

ನಮ್ಮ ಹಿರಿಯರು ದೂರವನ್ನು ಹರದಾರಿಗಳಲ್ಲಿ ಎಣಿಸುತ್ತಿದ್ದರು. ಹೊತ್ತನ್ನು ಜಾವಗಳಲ್ಲಿ ಅಳೆಯುತ್ತಿದ್ದರು. ಪರವೂರಿಗೆ ಹೋದ ಮಗನು ಹೊತ್ತು ಮುಳುಗುವುದರೊಳಗೆ ಬರುವೆನೆಂದು ಹೇಳಿ ಕಳುಹಿಸಿದರೆ, ಮನೆಯಲ್ಲಿ ದೀಪ ಹಚ್ಚುವ ತಾಯಿಗೂ ದಾರಿಯಲ್ಲಿ ನಡೆಯುವ ಮಗನಿಗೂ ಮುಳುಗುವ ಸೂರ್ಯನು ಒಬ್ಬನೇ ಆಗಿದ್ದನು. ಇಂದು ನಮ್ಮ ಸಮಾಜದ ಎಷ್ಟೋ ಮನೆಗಳ ಮಕ್ಕಳು ಸಮುದ್ರದಾಚೆ ನೆಲೆಸಿದ್ದಾರೆ. ತಾಯಿ ಸಂಜೆಯ ದೀಪ ಹಚ್ಚುವಾಗ ಅಲ್ಲಿ ಮಗನು ಬೆಳಗಿನ ಸ್ನಾನಕ್ಕೂ ಎದ್ದಿರುವುದಿಲ್ಲ. ದೂರವನ್ನೂ ಹೊತ್ತನ್ನೂ ಕುರಿತು ನಾವು ಹೊಸದಾಗಿ ಪಾಠ ಹೇಳಿಸಿಕೊಳ್ಳಬೇಕಾದ ಕಾಲ ಬಂದಿದೆ. ಈ ಮಾತನ್ನು ನಾವು ಪುಸ್ತಕ ನೋಡಿ ಬರೆಯುತ್ತಿಲ್ಲ. ತಪ್ಪು ಮಾಡಿ, ಅದರಿಂದ ಕಲಿತು ಬರೆಯುತ್ತಿದ್ದೇವೆ.

ಕೆಲವು ವರ್ಷಗಳ ಹಿಂದಿನ ಪುಷ್ಯ ಮಾಸ. ಹಾವೇರಿ ಜಿಲ್ಲೆಯ ಒಂದು ಗ್ರಾಮದಲ್ಲಿ ನಮ್ಮ ಬಾಲ್ಯದ ಗೆಳೆಯರಾದ ಹಿರಿಯರೊಬ್ಬರು ಶನಿವಾರ ಬೆಳಗಿನ ಐದು ಗಂಟೆಗೆ ಲಿಂಗೈಕ್ಯರಾದರು. ಅವರ ಒಬ್ಬನೇ ಮಗ ಸಂಸಾರಸಮೇತ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ನಾವು ಆ ಮನೆಯನ್ನು ಮುಟ್ಟುವ ಹೊತ್ತಿಗೆ ದೂರವಾಣಿಯಲ್ಲಿ ಮಗನ ಮಾತು ಬಂದಿತ್ತು: “ಕಾಕಾ, ಇವತ್ತಿನ ವಿಮಾನದಾಗ ಜಾಗಾ ಸಿಗಲಿಲ್ಲ. ಶನಿವಾರ ರಾತ್ರಿ ಎಂಟೂವರಿಗೆ ಸ್ಯಾನ್ ಫ್ರಾನ್ಸಿಸ್ಕೊ ಬಿಡ್ತೀವಿ. ನೇರ ಬೆಂಗಳೂರಿಗೆ. ಹದಿನೇಳೂವರಿ ತಾಸಿನ ದಾರಿ.” ಒಳಗಿನಿಂದ ತಾಯಿ ಕೇಳಿದರು: “ಶಾಸ್ತ್ರಿಗಳ, ಮಗಾ ಯಾವಾಗ ಬರ್ತಾನ್ರಿ? ಅಲ್ಲೀತನಕ ಇಡಬಹುದೇನ್ರಿ?”

ನಾವು ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆವು. ಶನಿವಾರ ರಾತ್ರಿ ಎಂಟೂವರೆ. ಅದಕ್ಕೆ ಹದಿನೇಳೂವರೆ ಗಂಟೆ ಕೂಡಿಸಿದರೆ ಭಾನುವಾರ ಮಧ್ಯಾಹ್ನ ಎರಡು. ದೇವನಹಳ್ಳಿಯಿಂದ ಊರಿಗೆ ಸುಮಾರು 350 ಕಿಲೋಮೀಟರು, ಏಳು ಗಂಟೆಯ ದಾರಿ. ಭಾನುವಾರ ರಾತ್ರಿ ಒಂಬತ್ತಕ್ಕೆ ಮಗನು ಬಾಗಿಲಲ್ಲಿ ಇರುತ್ತಾನೆ ಎಂದು ಹೇಳಿದೆವು. ಹಿರಿಯರು ಒಪ್ಪಿದರು. ತಾಲೂಕು ಸ್ಥಳದಿಂದ ಶೀತಪೆಟ್ಟಿಗೆ ತರಿಸಲಾಯಿತು. ಭಾನುವಾರ ರಾತ್ರಿಯೇ ಸಮಾಧಿ ಕ್ರಿಯೆ ಎಂದು ನಿಶ್ಚಯವಾಯಿತು. ನಮ್ಮ ಲೆಕ್ಕವನ್ನು ಯಾರೂ ಪರೀಕ್ಷಿಸಲಿಲ್ಲ. ಮಠದಲ್ಲಿ ಓದಿದವರು ಹೇಳಿದ್ದಾರೆ ಎಂಬುದೇ ಅವರಿಗೆ ಸಾಕಾಯಿತು. ಆ ಲೆಕ್ಕ ತಪ್ಪಾಗಿತ್ತು. ಎಲ್ಲಿ ತಪ್ಪಿತು ಎಂಬುದನ್ನು ಮುಂದೆ ನಿವೇದಿಸುತ್ತೇವೆ. ಅದಕ್ಕೆ ಮೊದಲು ಈ ದಾರಿಯ ಸ್ವರೂಪವನ್ನು ವಾಚಕರು ತಿಳಿಯುವುದು ಒಳ್ಳೆಯದು.

ದೂರವೆಂದರೆ ಯಾವ ದೂರ?

ಬೆಂಗಳೂರಿನ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣವು ದೇವನಹಳ್ಳಿಯ ಬಳಿ 2008ರ ಮೇ ತಿಂಗಳಲ್ಲಿ ಕಾರ್ಯಾರಂಭ ಮಾಡಿತು. ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣವು ಕ್ಯಾಲಿಫೋರ್ನಿಯಾದ ಕೊಲ್ಲಿಯ ದಡದಲ್ಲಿದೆ. ಇವೆರಡರ ನಡುವಣ ಅತಿ ಹತ್ತಿರದ ದೂರ ಸುಮಾರು 14,000 ಕಿಲೋಮೀಟರು, ಎಂದರೆ ಸುಮಾರು 8,700 ಮೈಲಿ. ಮೂರು ಮೈಲಿಗೆ ಒಂದು ಹರದಾರಿಯಂತೆ ಹಿಡಿದರೆ 2,900 ಹರದಾರಿ. ದಿನಕ್ಕೆ ಏಳು ಹರದಾರಿ ನಡೆಯುವ ಗಟ್ಟಿ ಕಾಲಿನ ಪಥಿಕನಿಗೆ, ನಡುವೆ ಸಮುದ್ರವೇ ಇಲ್ಲವೆಂದು ಭಾವಿಸಿದರೂ, ವರ್ಷ ಕಳೆದು ಮೇಲೆ ಒಂದೂವರೆ ತಿಂಗಳು ಬೇಕು. ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರು; ಆದ್ದರಿಂದ ಭೂಮಿಯ ಮೇಲಿನ ಯಾವ ಎರಡು ಸ್ಥಳಗಳಾದರೂ ಪರಸ್ಪರ 20,000 ಕಿಲೋಮೀಟರಿಗಿಂತ ಹೆಚ್ಚು ದೂರ ಇರಲಾರವು. ಇರಬಹುದಾದ ದೂರದಲ್ಲಿ ಹತ್ತಕ್ಕೆ ಏಳು ಪಾಲು ದೂರದಲ್ಲಿ ನಮ್ಮ ಮಕ್ಕಳು ಮನೆ ಮಾಡಿದ್ದಾರೆಂದು ಇದರ ಅರ್ಥ.

‘ಅತಿ ಹತ್ತಿರದ ದೂರ’ ಎಂಬ ಮಾತನ್ನು ಕೊಂಚ ಬಿಡಿಸಬೇಕು. ಗೋಡೆಯ ಮೇಲಿನ ನಕ್ಷೆಯಲ್ಲಿ ಬೆಂಗಳೂರಿನಿಂದ ಅಮೆರಿಕದ ಪಶ್ಚಿಮ ತೀರಕ್ಕೆ ಅಡಿಕೋಲು ಇಟ್ಟು ಗೆರೆ ಎಳೆದರೆ ಅದು ಚೀನ, ಜಪಾನುಗಳ ಕಡೆಯಿಂದ ಪೆಸಿಫಿಕ್ ಸಾಗರವನ್ನು ಅಡ್ಡಲಾಗಿ ದಾಟುತ್ತದೆ. ಆ ಗೆರೆ ನೇರವೆಂದು ಕಣ್ಣಿಗೆ ತೋರುವುದಾದರೂ ಅದು ಅತಿ ಹತ್ತಿರದ ದಾರಿಯಲ್ಲ. ಅದರ ಉದ್ದ ಸುಮಾರು 16,000 ಕಿಲೋಮೀಟರು. ಕಾರಣವೇನೆಂದರೆ ಭೂಮಿ ಗುಂಡಗಿದೆ, ನಕ್ಷೆ ಚಪ್ಪಟೆಯಾಗಿದೆ. ದುಂಡಗಿರುವುದನ್ನು ಚಪ್ಪಟೆ ಮಾಡುವಾಗ ಉತ್ತರದ ನಾಡುಗಳು ಹಿಗ್ಗಿ ಕಾಣುತ್ತವೆ, ಅಲ್ಲಿನ ಹತ್ತಿರದ ದಾರಿಗಳು ಬಳಸುದಾರಿಗಳಂತೆ ತೋರುತ್ತವೆ.

ಮಕ್ಕಳಿರುವ ಮನೆಯವರು ಒಂದು ಕಾರ್ಯ ಮಾಡಿ ನೋಡಬಹುದು. ಶಾಲೆಯ ಭೂಗೋಲವೊಂದನ್ನು ತೆಗೆದುಕೊಂಡು, ಒಂದು ದಾರದ ತುದಿಯನ್ನು ಬೆಂಗಳೂರಿನ ಮೇಲೆ, ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೊದ ಮೇಲೆ ಇಟ್ಟು ಬಿಗಿಯಾಗಿ ಎಳೆಯಲಿ. ದಾರವು ತಾನಾಗಿಯೇ ಉತ್ತರಕ್ಕೆ ಸರಿದು ಛತ್ತೀಸಗಡ, ಹಿಮಾಲಯ, ಟಿಬೆಟ್, ಮಂಗೋಲಿಯಾಗಳ ಮೇಲೆ ಹಾಯ್ದು, ಸೈಬೀರಿಯಾದ ಉತ್ತರ ಅಂಚಿನಲ್ಲಿ 71 ಅಂಶ ಅಕ್ಷಾಂಶದವರೆಗೆ ಏರಿ, ಅಲಾಸ್ಕಾದ ಮೂಲಕ ಇಳಿದು ಕ್ಯಾಲಿಫೋರ್ನಿಯಾವನ್ನು ಮುಟ್ಟುತ್ತದೆ. ಇದನ್ನೇ ಗಣಿತಜ್ಞರು ಮಹಾವೃತ್ತದ ದಾರಿ ಎನ್ನುತ್ತಾರೆ. ದುಬೈಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಇದೇ ದಾರವನ್ನು ಎಳೆದರೆ ಅದು ಬಹುಮಟ್ಟಿಗೆ ಉತ್ತರ ಧ್ರುವದ ನೆತ್ತಿಯ ಮೇಲೆಯೇ ಹಾಯುವುದನ್ನು ಕಂಡು ಮಕ್ಕಳು ಬೆರಗಾಗುವರು. ಬೆಂಗಳೂರಿನಿಂದ ದುಬೈಗೆ ಸುಮಾರು 2,700, ದುಬೈಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಸುಮಾರು 13,000 ಕಿಲೋಮೀಟರು. ಜರ್ಮನಿಯ ಫ್ರಾಂಕ್‌ಫರ್ಟ್ ಮೂಲಕ ಹೋದರೆ 7,400 ಮತ್ತು 9,150, ಒಟ್ಟು 16,500 ಕಿಲೋಮೀಟರಿಗೆ ಮೇಲು. ಇವೆಲ್ಲ ಒಂದೇ ಊರಿಗೆ ಹೋಗುವ ಬೇರೆ ಬೇರೆ ದಾರಿಗಳು.

1893ರಲ್ಲಿ ಸ್ವಾಮಿ ವಿವೇಕಾನಂದರು ಮೇ 31ರಂದು ಮುಂಬಯಿಯಿಂದ ಹಡಗು ಹತ್ತಿ, ಕೊಲಂಬೊ, ಸಿಂಗಪುರ, ಹಾಂಗ್‌ಕಾಂಗ್, ಜಪಾನುಗಳನ್ನು ಕಂಡು, ಪೆಸಿಫಿಕ್ ದಾಟಿ ಕೆನಡಾದ ವ್ಯಾಂಕೂವರ್ ತಲುಪಿದ್ದು ಜುಲೈ 25ರಂದು. ಸುಮಾರು ಎಂಟು ವಾರಗಳ ಆ ಪ್ರಯಾಣವನ್ನು ಇಂದಿನ ವಿಮಾನವು ಒಂದು ಹಗಲಿಗಿಂತ ತುಸು ಹೆಚ್ಚಿನ ಹೊತ್ತಿನಲ್ಲಿ ಮುಗಿಸುತ್ತದೆ. ಸ್ವತಂತ್ರ ಭಾರತದ ಏರ್ ಇಂಡಿಯಾ ಸಂಸ್ಥೆಯು 1948ರ ಜೂನ್ 8ರಂದು ಮುಂಬಯಿಯಿಂದ ಕೈರೊ, ಜಿನೀವಾಗಳ ಮೂಲಕ ಲಂಡನ್ನಿಗೆ ಮೊದಲ ವಿದೇಶ ವಿಮಾನವನ್ನು ಕಳುಹಿಸಿತು. 1960ರ ಮೇ ತಿಂಗಳಲ್ಲಿ ನ್ಯೂಯಾರ್ಕಿಗೆ ಹೋಗಲಾರಂಭಿಸಿತು. ಕನ್ನಡ ನೆಲಕ್ಕೆ ಅಮೆರಿಕದಿಂದ ಎಲ್ಲಿಯೂ ನಿಲ್ಲದೆ ಬರುವ ವಿಮಾನವು ಬಂದದ್ದು 2021ರ ಜನವರಿಯಲ್ಲಿ. ಜನವರಿ 9ರ ಶನಿವಾರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟ ಏರ್ ಇಂಡಿಯಾ ವಿಮಾನವು 11ರ ಸೋಮವಾರ ನಸುಕಿನಲ್ಲಿ ಬೆಂಗಳೂರಿಗೆ ಇಳಿಯಿತು. ಅದನ್ನು ನಡೆಸಿದವರೆಲ್ಲ ಮಹಿಳೆಯರು. ಮುಖ್ಯ ಚಾಲಕಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್. ಹೆಣ್ಣುಮಕ್ಕಳ ಶಿಕ್ಷಣವನ್ನು ಹತ್ತನೆಯ ತರಗತಿಗೆ ನಿಲ್ಲಿಸುವ ಮನೆಗಳು ಇನ್ನೂ ಉಳಿದಿದ್ದರೆ, ಅವರು ಈ ಸಂಗತಿಯನ್ನು ನೆನೆಯಲಿ.

ಗಾಳಿಯ ಪಾಲು

ದೂರ ತಿಳಿದ ಮೇಲೆ ಹೊತ್ತನ್ನು ತಿಳಿಯುವುದು ಸುಲಭವೆಂದು ತೋರುತ್ತದೆ. ದೊಡ್ಡ ವಿಮಾನದ ವೇಗ ಗಂಟೆಗೆ ಸುಮಾರು 900 ಕಿಲೋಮೀಟರು. 14,000ವನ್ನು 900ರಿಂದ ಭಾಗಿಸಿದರೆ ಹದಿನೈದೂವರೆ ಗಂಟೆ. ಆದರೆ ಹೋಗುವಾಗ ಸುಮಾರು ಹದಿನಾರು, ಬರುವಾಗ ಹದಿನೇಳು ಹದಿನೆಂಟು ಗಂಟೆ ಹಿಡಿಯುವುದೇಕೆ? ಒಂದೇ ಹಾದಿಗೆ ಎರಡು ಅಳತೆ ಏಕೆ?

ಇದಕ್ಕೆ ಕಾರಣ ಗಾಳಿ. ನೆಲದಿಂದ ಒಂಬತ್ತು ಹನ್ನೆರಡು ಕಿಲೋಮೀಟರು ಎತ್ತರದಲ್ಲಿ, ಎಂದರೆ ವಿಮಾನಗಳು ಹಾರುವ ಎತ್ತರದಲ್ಲಿಯೇ, ಪಶ್ಚಿಮದಿಂದ ಪೂರ್ವಕ್ಕೆ ಒಂದು ಪ್ರಬಲವಾದ ವಾಯುಪ್ರವಾಹವು ಹೊಳೆಯಂತೆ ಹರಿಯುತ್ತದೆ. ಚಳಿಗಾಲದಲ್ಲಿ ಅದರ ವೇಗ ಗಂಟೆಗೆ 200, 300 ಕಿಲೋಮೀಟರನ್ನೂ ಮೀರುವುದುಂಟು. ಪೂರ್ವಕ್ಕೆ ಹೋಗುವ ವಿಮಾನವು ಈ ಹೊಳೆಯ ಸೆಳವಿನೊಡನೆ ಸಾಗುತ್ತದೆ; ಪಶ್ಚಿಮಕ್ಕೆ ಬರುವುದು ಸೆಳವಿಗೆ ಎದುರಾಗುತ್ತದೆ. ದಾರಿಯುದ್ದಕ್ಕೂ ಸರಾಸರಿ 80 ಕಿಲೋಮೀಟರಿನ ಗಾಳಿ ಇದೆಯೆಂದು ಇಟ್ಟುಕೊಳ್ಳೋಣ. ಅನುಕೂಲ ಗಾಳಿಯಲ್ಲಿ ವೇಗ 980, ಹೊತ್ತು ಹದಿನಾಲ್ಕು ಗಂಟೆ ಇಪ್ಪತ್ತು ನಿಮಿಷದ ಆಸುಪಾಸು. ಎದುರುಗಾಳಿಯಲ್ಲಿ ವೇಗ 820, ಹೊತ್ತು ಹದಿನೇಳು ಗಂಟೆ. ತುಂಗಭದ್ರೆಯಲ್ಲಿ ಹರಿಗೋಲು ಹಾಕುವವನಿಗೆ ಈ ಗಣಿತವನ್ನು ಯಾರೂ ಕಲಿಸಬೇಕಾಗಿಲ್ಲ. ಈ ಕಾರಣದಿಂದಲೇ ಬೆಂಗಳೂರಿನಿಂದ ಹೊರಟ ವಿಮಾನವು ಅತಿ ಹತ್ತಿರದ ದಾರಿಯನ್ನು ಬಿಟ್ಟು, ಪೆಸಿಫಿಕ್ ಸಾಗರದ ಮೇಲಿನ ಬಳಸುದಾರಿ ಹಿಡಿದು, ಗಾಳಿಯ ಬಲದಿಂದ ಬೇಗ ತಲುಪುವುದು ಸಾಧ್ಯವಾಗುತ್ತದೆ. ದಾರಿ ಉದ್ದವಾದರೂ ಹೊತ್ತು ಕಡಿಮೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಭೂಮಿಯು ಪೂರ್ವಕ್ಕೆ ತಿರುಗುತ್ತಿರುವುದರಿಂದ, ವಿಮಾನವು ಆಕಾಶದಲ್ಲಿ ಸುಮ್ಮನೆ ನಿಂತರೂ ಪಶ್ಚಿಮದ ಊರು ತಾನಾಗಿಯೇ ಕೆಳಗೆ ಬರಬೇಕಲ್ಲವೇ ಎಂದು ಕೆಲವರು ಕೇಳುತ್ತಾರೆ. ಭೂಮಿಯೊಡನೆ ಅದರ ಸುತ್ತಣ ವಾಯುಮಂಡಲವೂ ತಿರುಗುತ್ತದೆ. ವಿಮಾನವು ಆ ವಾಯುವಿನಲ್ಲಿ ತೇಲುವ ವಸ್ತು. ಓಡುವ ರೈಲಿನ ಡಬ್ಬಿಯೊಳಗೆ ಹಾರುವ ನೊಣವು ಹಿಂದೆ ಉಳಿಯುವುದಿಲ್ಲವಷ್ಟೆ.

ಆಕಾಶಕ್ಕೂ ಎಲ್ಲೆಗಳುಂಟು

ಆಕಾಶವು ಎಲ್ಲರದೆಂದು ನಾವು ಭಾವಿಸುತ್ತೇವೆ. ವಿಮಾನಗಳ ಪಾಲಿಗೆ ಅದು ಹಾಗಿಲ್ಲ. ಪ್ರತಿಯೊಂದು ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದ ಮೇಲೆ ಅಧಿಕಾರವಿದೆ. 2022ರಲ್ಲಿ ಉಕ್ರೇನ್ ಯುದ್ಧ ಆರಂಭವಾದ ಮೇಲೆ ರಷ್ಯಾದ ಆಕಾಶವು ಅಮೆರಿಕ ಮತ್ತು ಯುರೋಪಿನ ವಿಮಾನ ಸಂಸ್ಥೆಗಳಿಗೆ ಮುಚ್ಚಿಹೋಯಿತು. ಭಾರತದ ವಿಮಾನಗಳಿಗೆ ಮುಚ್ಚಲಿಲ್ಲ. 2025ರ ಏಪ್ರಿಲ್ 24ರಂದು ಪಾಕಿಸ್ತಾನವು ಭಾರತದ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿದಾಗ, ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ವಿಮಾನಗಳು ಅರಬ್ಬೀ ಸಮುದ್ರದ ಕಡೆಗೆ ಬಳಸಬೇಕಾಯಿತು. ನೆಲದ ಮೇಲಿನ ವೈರವು ಆಕಾಶದಲ್ಲಿ ಕುಳಿತ ಮುದುಕಿಯ ಪ್ರಯಾಣವನ್ನೂ ಉದ್ದ ಮಾಡುತ್ತದೆ.

ಪ್ರಕೃತಿಯ ಎಲ್ಲೆಗಳೂ ಉಂಟು. ಟಿಬೆಟಿನ ಎತ್ತರದ ನಾಡಿನ ಮೇಲೆ ದೀರ್ಘಕಾಲ ಹಾರುವುದನ್ನು ವಿಮಾನಗಳು ಸಾಮಾನ್ಯವಾಗಿ ವರ್ಜಿಸುತ್ತವೆ. ಒಳಗಿನ ವಾಯುವಿನ ಒತ್ತಡವು ಆಕಸ್ಮಿಕವಾಗಿ ಕುಸಿದರೆ ವಿಮಾನವು ಹತ್ತು ಸಾವಿರ ಅಡಿಯಷ್ಟು ಕೆಳಗೆ ಇಳಿಯಬೇಕು. ಅಲ್ಲಿ ನೆಲವೇ ಅದಕ್ಕಿಂತ ಎತ್ತರದಲ್ಲಿದೆ. ಎರಡು ಎಂಜಿನ್‌ಗಳ ವಿಮಾನವು, ಒಂದು ಕೆಟ್ಟರೆ ಇನ್ನೊಂದರಿಂದ ನಿಗದಿತ ಹೊತ್ತಿನೊಳಗೆ ಮುಟ್ಟಬಹುದಾದ ನಿಲ್ದಾಣವೊಂದು ಇರುವಂತೆಯೇ ದಾರಿಯನ್ನು ಆರಿಸಬೇಕೆಂಬ ನಿಯಮವೂ ಇದೆ. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟ ಏರ್ ಇಂಡಿಯಾ ವಿಮಾನವು ಎಂಜಿನ್ನಿನ ತೊಂದರೆಯಿಂದ ರಷ್ಯಾದ ದೂರಪೂರ್ವದ ಮಗದಾನ್ ಎಂಬ ಊರಿನಲ್ಲಿ ಇಳಿಯಿತು. 216 ಪ್ರಯಾಣಿಕರೂ 16 ಸಿಬ್ಬಂದಿಯೂ ಸುರಕ್ಷಿತವಾಗಿದ್ದರು. ಬೇರೊಂದು ವಿಮಾನವು ಹೋಗಿ ಅವರನ್ನು ಮುಂದಕ್ಕೆ ಕರೆದೊಯ್ಯಿತು. ಮಗದಾನ್ ಎಂಬ ಹೆಸರನ್ನು ಅಂದಿನವರೆಗೆ ಕೇಳಿರದ ಎಷ್ಟೋ ಭಾರತೀಯ ಮನೆಗಳು ಅಂದು ನಕ್ಷೆ ಬಿಚ್ಚಿ ಹುಡುಕಿದವು.

ಬೆಂಗಳೂರಿಗೆ ತನ್ನದೇ ಆದ ಒಂದು ತೊಡಕಿದೆ. ಈ ನಿಲ್ದಾಣವು ಸಮುದ್ರ ಮಟ್ಟದಿಂದ ಸುಮಾರು 915 ಮೀಟರು, ಎಂದರೆ ಮೂರು ಸಾವಿರ ಅಡಿ ಎತ್ತರದಲ್ಲಿದೆ. ಎತ್ತರದಲ್ಲಿ ಗಾಳಿ ತೆಳು; ತೆಳು ಗಾಳಿಯಲ್ಲಿ ರೆಕ್ಕೆಗೆ ಆಸರೆ ಕಡಿಮೆ, ಎಂಜಿನ್ನಿನ ಬಲವೂ ಕಡಿಮೆ. ಈ ದಾರಿಯಲ್ಲಿ ಮೊದಲು ಹಾರಿದ ಬೋಯಿಂಗ್ 777-200 ಎಲ್ ಆರ್ ವಿಮಾನದ ತೊಟ್ಟಿಗಳು 1,81,000 ಲೀಟರಿನಷ್ಟು ಇಂಧನವನ್ನು ಹಿಡಿಯುತ್ತವೆ; ಹೊರಡುವಾಗಿನ ಗರಿಷ್ಠ ತೂಕ 347 ಟನ್. ಅಷ್ಟು ಭಾರವನ್ನು ಬಿಸಿಲಿನ ಮಧ್ಯಾಹ್ನ ಮೂರು ಸಾವಿರ ಅಡಿಯ ಮೇಲಿಂದ ಎತ್ತುವುದು ಸಮುದ್ರದ ದಡದಿಂದ ಎತ್ತುವುದಕ್ಕಿಂತ ಕಠಿಣ. ದೀರ್ಘದಾರಿಯ ವಿಮಾನವು ತಾನು ಸುಡುವ ಇಂಧನವನ್ನು ಹೊರುವುದಕ್ಕಾಗಿಯೇ ಮತ್ತಷ್ಟು ಇಂಧನವನ್ನು ಸುಡುತ್ತದೆ. ನೇರ ವಿಮಾನಗಳು ದುಬಾರಿಯಾಗಿರುವುದಕ್ಕೂ, ಒಮ್ಮೆ ಆರಂಭವಾಗಿ ಕೆಲಕಾಲ ನಿಂತುಹೋಗುವುದಕ್ಕೂ ಇದು ಒಂದು ಕಾರಣ. ಆದುದರಿಂದ, ಹೋದ ವರ್ಷ ನೆರೆಮನೆಯವರು ಹೋದ ವಿಮಾನ ಈ ವರ್ಷವೂ ಇದೆಯೆಂದು ನಂಬಿ ಕೂಡದೆ, ಟಿಕೆಟಿಗೆ ಹಣ ಕೊಡುವ ಮೊದಲು ವಿಚಾರಿಸಬೇಕು. ನಿಲ್ಲದೆ ಹಾರುವ ದಾರಿಗಳಲ್ಲಿ ಹೆಸರಾದದ್ದು ಸಿಂಗಪುರದಿಂದ ನ್ಯೂಯಾರ್ಕಿಗೆ 2020ರ ನವೆಂಬರಿನಲ್ಲಿ ಆರಂಭವಾದದ್ದು: 15,300 ಕಿಲೋಮೀಟರಿಗೂ ಮೇಲು, ಹದಿನೆಂಟೂವರೆ ಗಂಟೆಗೂ ಮೇಲು.

ಗಡಿಯಾರದ ಲೆಕ್ಕ

ಈಗ ನಮ್ಮ ತಪ್ಪಿನ ಕಡೆಗೆ ಬರೋಣ. ಭೂಮಿಯು 24 ಗಂಟೆಗಳಲ್ಲಿ 360 ಅಂಶ ತಿರುಗುತ್ತದೆ. ಒಂದು ಗಂಟೆಗೆ 15 ಅಂಶ, ಒಂದು ಅಂಶಕ್ಕೆ ನಾಲ್ಕು ನಿಮಿಷ. ಬೆಂಗಳೂರಿನಿಂದ ಪಶ್ಚಿಮಕ್ಕೆ ಎಣಿಸುತ್ತ ಹೋದರೆ ಸ್ಯಾನ್ ಫ್ರಾನ್ಸಿಸ್ಕೊ 200 ಅಂಶ ಆಚೆಗಿದೆ. ನಾಲ್ಕರಿಂದ ಗುಣಿಸಿದರೆ 800 ನಿಮಿಷ, ಹದಿಮೂರು ಗಂಟೆ ಇಪ್ಪತ್ತು ನಿಮಿಷ. ಸರಕಾರಿ ಗಡಿಯಾರಗಳ ಪ್ರಕಾರ ಚಳಿಗಾಲದಲ್ಲಿ ಅವರು ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಮಾರ್ಚಿಯ ಎರಡನೆಯ ಭಾನುವಾರದಿಂದ ನವೆಂಬರಿನ ಮೊದಲ ಭಾನುವಾರದವರೆಗೆ ಅವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿಕೊಳ್ಳುವುದರಿಂದ ಹನ್ನೆರಡೂವರೆ ಗಂಟೆ ಹಿಂದೆ.

ಪಂಚಾಂಗದಲ್ಲಿ ದೇಶಾಂತರ ಸಂಸ್ಕಾರವೆಂಬುದನ್ನು ಓದಿ, ನಾಲ್ಕಾರು ಶಿಷ್ಯರಿಗೆ ಓದಿಸಿಯೂ ಇದ್ದ ನಾವು, ಆ ಶನಿವಾರ ಬೆಳಿಗ್ಗೆ ಅದನ್ನು ಮರೆತೆವು. ಮಗನು ‘ಶನಿವಾರ ರಾತ್ರಿ ಎಂಟೂವರೆ’ ಎಂದಾಗ ಅವನ ಊರಿನಲ್ಲಿ ಇನ್ನೂ ಶುಕ್ರವಾರದ ಸಂಜೆ. ಅವನ ಶನಿವಾರ ರಾತ್ರಿ ಎಂದರೆ ನಮ್ಮ ಭಾನುವಾರ ಬೆಳಗಿನ ಹತ್ತು ಗಂಟೆ. ಅದಕ್ಕೆ ಹದಿನೇಳೂವರೆ ಗಂಟೆ ಕೂಡಿಸಿದರೆ ಸೋಮವಾರ ನಸುಕಿನ ಮೂರೂವರೆ. ನಾವು ಅವನ ಗಡಿಯಾರದ ಹೊತ್ತಿಗೆ ನಮ್ಮ ಗಡಿಯಾರದ ದಿನವನ್ನು ಜೋಡಿಸಿದ್ದೆವು. ಭಾನುವಾರ ಮಧ್ಯಾಹ್ನ ಎರಡಕ್ಕೆ ಅವನು ಬೆಂಗಳೂರಿಗೆ ಇಳಿಯುತ್ತಾನೆಂದು ಊರೆಲ್ಲ ಕಾಯುತ್ತಿದ್ದಾಗ, ಅವನು ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟು ಕೇವಲ ನಾಲ್ಕು ಗಂಟೆಯಾಗಿತ್ತು.

ಹೊರಡುವವರು ತಿಳಿಯಬೇಕಾದ ಸೂತ್ರ ಇಷ್ಟೆ. ಮೊದಲು ಹೊರಡುವ ಹೊತ್ತನ್ನು ನಮ್ಮ ಗಡಿಯಾರಕ್ಕೆ ತರಬೇಕು. ಆಮೇಲೆ ಪ್ರಯಾಣದ ಗಂಟೆಗಳನ್ನು ಕೂಡಿಸಬೇಕು. ಉದಾಹರಣೆಗೆ ಚಳಿಗಾಲದಲ್ಲಿ ಬೆಂಗಳೂರನ್ನು ಸೋಮವಾರ ಮಧ್ಯಾಹ್ನ ಎರಡಕ್ಕೆ ಬಿಟ್ಟು ಹದಿನಾರು ಗಂಟೆ ಹಾರಿದರೆ ನಮ್ಮ ಗಡಿಯಾರದಲ್ಲಿ ಮಂಗಳವಾರ ಬೆಳಗಿನ ಆರು. ಹದಿಮೂರೂವರೆ ಕಳೆದರೆ ಅಲ್ಲಿ ಅದೇ ಸೋಮವಾರ ಸಂಜೆ ನಾಲ್ಕೂವರೆ. ಹದಿನಾರು ಗಂಟೆ ಪ್ರಯಾಣ ಮಾಡಿದವರಿಗೆ ಗಡಿಯಾರ ತೋರಿಸುವುದು ಎರಡೂವರೆ ಗಂಟೆ ಮಾತ್ರ. ಬರುವಾಗ ಈ ಸಾಲವನ್ನು ತೀರಿಸಬೇಕು: ಅಲ್ಲಿ ಭಾನುವಾರ ರಾತ್ರಿ ಎಂಟೂವರೆಗೆ ಹೊರಟವರು ಇಲ್ಲಿ ಮಂಗಳವಾರ ನಸುಕಿನಲ್ಲಿ ಇಳಿಯುತ್ತಾರೆ. ಸೋಮವಾರದ ಒಪ್ಪತ್ತನ್ನು ನಲವತ್ತು ವರ್ಷ ತಪ್ಪಿಸದೆ ನಡೆಸಿದ ತಾಯಿಯೊಬ್ಬರು ಹೀಗೆ ಮರಳಿ ಬಂದವರು, “ನನ್ನ ಸೋಮವಾರ ಎಲ್ಲಿ ಹೋತ್ರಿ?” ಎಂದು ನಮ್ಮನ್ನು ಕೇಳಿದ್ದುಂಟು. ಆ ಸೋಮವಾರ ಎಲ್ಲಿಯೂ ಹೋಗಲಿಲ್ಲ, ತಾಯೀ; ಅರ್ಧವು ನೀವು ವಿಮಾನ ಹತ್ತುವುದರೊಳಗೇ ಇಲ್ಲಿ ಕಳೆದುಹೋಗಿತ್ತು, ಉಳಿದರ್ಧವನ್ನು ನೀವು ಆಕಾಶದಲ್ಲಿ ಕಳೆದಿರಿ ಎಂದೆವು. ಇಷ್ಟಲಿಂಗವು ಅಂಗದ ಮೇಲೆಯೇ ಇರುವುದರಿಂದ, ದೇಹವಿರುವ ಸ್ಥಳದ ಬೆಳಗೇ ಪೂಜೆಯ ಬೆಳಗು. ವ್ರತವನ್ನೂ ಹಾಗೆಯೇ ಹಿಡಿಯಬಹುದೆಂದು ಹೇಳಿದ ಮೇಲೆ ಅವರಿಗೆ ಸಮಾಧಾನವಾಯಿತು.

ಹೊಸ್ತಿಲಿನಿಂದ ಹೊಸ್ತಿಲಿಗೆ

ಟಿಕೆಟಿನ ಮೇಲೆ ಮುದ್ರಿಸಿದ ಗಂಟೆಗಳು ನಿಲ್ದಾಣದಿಂದ ನಿಲ್ದಾಣಕ್ಕೆ. ಮನುಷ್ಯನ ಪ್ರಯಾಣ ಹೊಸ್ತಿಲಿನಿಂದ ಹೊಸ್ತಿಲಿಗೆ. ಹಾವೇರಿಯ ಕಡೆಯ ಊರಿನಿಂದ ದೇವನಹಳ್ಳಿಗೆ ಏಳು ಗಂಟೆ. ವಿದೇಶ ವಿಮಾನಕ್ಕೆ ಮೂರು ಗಂಟೆ ಮೊದಲೇ ಹಾಜರಿ. ಆಕಾಶದಲ್ಲಿ ಹದಿನಾರು ಗಂಟೆ. ಅಲ್ಲಿ ಇಳಿದ ಮೇಲೆ ಪಾಸ್‌ಪೋರ್ಟ್ ತಪಾಸಣೆ, ಸಾಮಾನು, ಸುಂಕದ ಕಟ್ಟೆ ಎಂದು ಒಂದೂವರೆ ಎರಡು ಗಂಟೆ. ಮಗನ ಮನೆಗೆ ಒಂದು ಗಂಟೆ. ನೇರ ವಿಮಾನವಾದರೂ ಇಪ್ಪತ್ತೆಂಟು ಗಂಟೆಗೆ ಕಡಿಮೆಯಿಲ್ಲ. ನಡುವೆ ಒಂದು ಕಡೆ ವಿಮಾನ ಬದಲಿಸುವುದಾದರೆ ಮೂವತ್ತೈದು ಗಂಟೆ ಎಂದೇ ಭಾವಿಸಬೇಕು. ವಿಮಾನ ಬದಲಿಸುವಾಗ ಎರಡು ಟಿಕೆಟುಗಳನ್ನು ಬೇರೆ ಬೇರೆಯಾಗಿ ಕೊಂಡು ನಡುವೆ ಒಂದೇ ಗಂಟೆ ಇಟ್ಟುಕೊಳ್ಳುವ ಉಳಿತಾಯ ವಯಸ್ಸಾದವರಿಗೆ ತಕ್ಕದ್ದಲ್ಲ. ಮೊದಲನೆಯದು ತಡವಾದರೆ ಎರಡನೆಯದು ಕಾಯುವುದಿಲ್ಲ. ಮೂರು ಗಂಟೆಯ ಬಿಡುವು ಇರಲಿ, ಟಿಕೆಟು ಒಂದೇ ಇರಲಿ. ಗಾಲಿಕುರ್ಚಿಯ ನೆರವನ್ನು ಟಿಕೆಟು ಕೊಳ್ಳುವಾಗಲೇ ಕೇಳಿಕೊಳ್ಳಬಹುದು. ಅದರಲ್ಲಿ ಸಂಕೋಚ ಬೇಡ.

ದೇಹದ ಸಂಗತಿ. ವಿಮಾನದೊಳಗಿನ ಗಾಳಿಯ ಒತ್ತಡವು ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನಂತೆ ಇರುತ್ತದೆ. ತೇವಾಂಶ ಬಹಳ ಕಡಿಮೆ. ಹೃದಯ, ಶ್ವಾಸಕೋಶಗಳ ತೊಂದರೆ ಇದ್ದವರು ವೈದ್ಯರ ಸಲಹೆ ಪಡೆಯದೆ ಹೊರಡಬಾರದು. ನಾಲ್ಕು ಗಂಟೆಗೂ ಹೆಚ್ಚು ಕುಳಿತೇ ಪ್ರಯಾಣ ಮಾಡುವವರಿಗೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವವು ಸುಮಾರು ಇಮ್ಮಡಿಯಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯು 2007ರಲ್ಲಿ ಪ್ರಕಟಿಸಿತು. ಆರು ಸಾವಿರದಲ್ಲಿ ಒಬ್ಬರಿಗೆ ಎಂಬಷ್ಟು ವಿರಳವಾದುದರಿಂದ ಅಂಜಬೇಕಾಗಿಲ್ಲ. ಆದರೆ ಎಚ್ಚರ ಬೇಕು. ಎರಡು ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯುವುದು, ಕುಳಿತಲ್ಲಿಯೇ ಹಿಮ್ಮಡಿಯನ್ನೂ ಮುಂಗಾಲನ್ನೂ ಎತ್ತಿಳಿಸುವುದು, ಆಗಾಗ ನೀರು ಕುಡಿಯುವುದು ಒಳ್ಳೆಯದು. ಶೌಚಾಲಯಕ್ಕೆ ಹೋಗಲು ಅಂಜಿ ನೀರನ್ನೇ ಬಿಡುವ ತಾಯಂದಿರನ್ನು ನಾವು ಕಂಡಿದ್ದೇವೆ, ಅದು ಸರಿಯಲ್ಲ. ಸಕ್ಕರೆ ಕಾಯಿಲೆಯವರು ಗುಳಿಗೆ, ಇನ್ಸುಲಿನ್ನುಗಳನ್ನು ಯಾವ ಊರಿನ ಗಡಿಯಾರದಂತೆ ತೆಗೆದುಕೊಳ್ಳಬೇಕೆಂಬುದನ್ನು ವೈದ್ಯರಿಂದಲೇ ಕಾಗದದ ಮೇಲೆ ಬರೆಸಿಕೊಳ್ಳಲಿ. ಔಷಧಗಳೂ ವೈದ್ಯರ ಚೀಟಿಯೂ ಕೈಚೀಲದಲ್ಲಿಯೇ ಇರಬೇಕು.

ಊಟದ ಸಂಗತಿ. ಸಸ್ಯಾಹಾರದ ಊಟವನ್ನು ಕನಿಷ್ಠ ಒಂದು ದಿನ ಮೊದಲೇ ವಿಮಾನ ಸಂಸ್ಥೆಗೆ ತಿಳಿಸಿಡಬೇಕು. ವಿಮಾನದೊಳಗೆ ಕುಳಿತು ಕೇಳಿದರೆ ಸಿಗುವ ಭರವಸೆಯಿಲ್ಲ. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ವಿಭೂತಿ ಪುಡಿಗಳನ್ನು ಒಯ್ಯುವವರು ಗಮನಿಸಬೇಕಾದ ಒಂದು ನಿಯಮ: ಅಮೆರಿಕಕ್ಕೆ ಹೋಗುವ ವಿಮಾನದ ಕೈಚೀಲದಲ್ಲಿ 350 ಮಿಲಿಲೀಟರಿಗಿಂತ ಹೆಚ್ಚಿನ ಪುಡಿ ಇದ್ದರೆ ವಿಶೇಷ ತಪಾಸಣೆಗೆ ಒಳಪಡಬೇಕು. ದೊಡ್ಡ ಪೊಟ್ಟಣಗಳು ಕೆಳಗೆ ಹಾಕುವ ಪೆಟ್ಟಿಗೆಯಲ್ಲಿ ಹೋಗಲಿ. ಅಲ್ಲಿ ಇಳಿದ ಮೇಲೆ ತಿನಿಸು ಇದೆಯೇ ಎಂದು ಕೇಳಿದರೆ ‘ಇದೆ’ ಎಂದೇ ಹೇಳಬೇಕು. ರೊಟ್ಟಿ ಇದ್ದದ್ದಕ್ಕೆ ದಂಡವಿಲ್ಲ. ಇದ್ದದ್ದನ್ನು ಇಲ್ಲವೆಂದದ್ದಕ್ಕೆ ದಂಡವಿದೆ. ಹಸಿ ಹಣ್ಣು, ಬಿತ್ತನೆ ಬೀಜ, ಗಿಡದ ಸಸಿಗಳನ್ನು ಒಯ್ಯುವುದು ಬೇಡ.

ಮೊದಲೇ ಆಡಿಕೊಳ್ಳಬೇಕಾದ ಮಾತು

ಆ ಭಾನುವಾರ ರಾತ್ರಿ ಒಂಬತ್ತಾಯಿತು, ಹತ್ತಾಯಿತು. ಅಂಗಳದಲ್ಲಿ ಭಜನೆಯವರು ದಣಿದರು. ಮಗನ ದೂರವಾಣಿ, ಸೊಸೆಯ ದೂರವಾಣಿ ಎರಡೂ ಮಾತಾಡುತ್ತಿರಲಿಲ್ಲ, ಅವರು ಆಕಾಶದಲ್ಲಿದ್ದರು. ಏನಾದರೂ ಅವಘಡವಾಯಿತೇ ಎಂಬ ಭಯ ತಾಯಿಯ ಮುಖದಲ್ಲಿ ಮೂಡಿತು. ಗಂಡನ ಅಗಲಿಕೆಯ ಮೇಲೆ ಮಗನ ಚಿಂತೆಯನ್ನೂ ನಾವು ಹೊರಿಸಿದೆವು. ಎರಡು ದಿನ ಕಳೆಯಿತು, ಇನ್ನು ತಡೆಯಲಾಗದೆಂದು ಹಿರಿಯರು ನಿರ್ಣಯಿಸಿ, ನಡುರಾತ್ರಿಯಲ್ಲಿ ಕ್ರಿಯೆಯನ್ನು ಮುಗಿಸಿದರು. ನಸುಕಿನ ನಾಲ್ಕಕ್ಕೆ ಬೆಂಗಳೂರಿನಿಂದ ಮಗನ ಕರೆ ಬಂದಿತು. ಅವನು ಮನೆ ಮುಟ್ಟಿದಾಗ ಸೋಮವಾರ ಮಧ್ಯಾಹ್ನವಾಗುತ್ತ ಬಂದಿತ್ತು.

ಒಂದು ರಾತ್ರಿ ಕಾದಿದ್ದರೆ ಸಾಕಿತ್ತು. ಶೀತಪೆಟ್ಟಿಗೆ ಅಲ್ಲಿಯೇ ಇತ್ತು. ಅಥವಾ ಬರಲು ಸೋಮವಾರವಾಗುವುದೆಂದು ಮೊದಲೇ ತಿಳಿದಿದ್ದರೆ, ಶನಿವಾರ ಸಂಜೆಯೇ ಪದ್ಧತಿಯಂತೆ ಕ್ರಿಯೆ ಮುಗಿಸಿ, ಮಗನು ಸಮಾಧಿಯ ಬಳಿಗೆ ಬರಲಿ ಎಂದು ತಾಯಿ ನೆಮ್ಮದಿಯಿಂದ ಹೇಳಬಹುದಿತ್ತು. ಎರಡೂ ಒಪ್ಪತಕ್ಕ ದಾರಿಗಳೇ. ನಮ್ಮ ತಪ್ಪು ಲೆಕ್ಕವು ಆ ಮನೆಗೆ ಎರಡೂ ದಾರಿಗಳನ್ನು ಇಲ್ಲದಂತೆ ಮಾಡಿತು.

ಆದುದರಿಂದ ಪರದೇಶದಲ್ಲಿ ಮಕ್ಕಳಿರುವ ಮನೆಯವರಲ್ಲಿ ನಮ್ಮ ವಿನಂತಿ ಇದು. ತಂದೆತಾಯಿಗಳು ಗಟ್ಟಿಯಾಗಿರುವಾಗಲೇ, ಮಕ್ಕಳು ರಜೆಗೆ ಬಂದಾಗ, ಒಂದು ಸಂಜೆ ಕೂತು ಈ ಮಾತನ್ನು ಆಡಿಕೊಳ್ಳಿರಿ: ಕಾಯಬೇಕೇ, ಬೇಡವೇ, ಕಾಯುವುದಾದರೆ ಎಷ್ಟು ಹೊತ್ತು? ಅಮಂಗಳವೆಂದು ಮಾತನ್ನು ತಳ್ಳಿದರೆ ಕಡೆಗೆ ಅದನ್ನು ದುಃಖದ ನಡುವೆ ಅವಸರದಲ್ಲಿ ಆಡಬೇಕಾಗುತ್ತದೆ. ಗೋಡೆಯ ಮೇಲೆ ಎರಡನೆಯ ಗಡಿಯಾರವೊಂದನ್ನು ತೂಗುಹಾಕಿ ಮಗನ ಊರಿನ ಹೊತ್ತಿಗೆ ಹೊಂದಿಸಿರಿ, ಬೆಲೆ ಹೆಚ್ಚಿಲ್ಲ. ಪ್ರಯಾಣಿಕರು ವಿಮಾನದ ಸಂಖ್ಯೆಯನ್ನೂ, ಇಳಿಯುವ ಹೊತ್ತನ್ನು ಭಾರತದ ಗಡಿಯಾರದಂತೆಯೂ ಬರೆದು ಮನೆಗೆ ಕಳುಹಿಸಿ ಹೊರಡಲಿ. ವಿಮಾನದ ಸಂಖ್ಯೆ ಇದ್ದರೆ ಅದು ಎಲ್ಲಿ ಹಾರುತ್ತಿದೆ ಎಂಬುದನ್ನು ಇಂದು ಮನೆಯ ಹುಡುಗರು ಮೊಬೈಲಿನಲ್ಲಿ ಕ್ಷಣದಲ್ಲಿ ನೋಡಿ ಹೇಳಬಲ್ಲರು. ಅಂದು ನಮ್ಮ ಬಳಿ ಆ ಸಂಖ್ಯೆಯೂ ಇರಲಿಲ್ಲ. ಇದ್ದಿದ್ದರೂ ನಾವು ಹುಡುಗರನ್ನು ಕೇಳುತ್ತಿದ್ದೆವೋ ಇಲ್ಲವೋ.

ಆ ಮಧ್ಯಾಹ್ನ ಮಗನು ಕೈಕಾಲು ತೊಳೆದು, ಬಿಲ್ವಪತ್ರೆ ಹಿಡಿದು ಹೊಲದಲ್ಲಿನ ಸಮಾಧಿಯ ಬಳಿಗೆ ಹೋದನು. ನಾವೂ ಹಿಂದೆ ಹೋದೆವು. ಬಹಳ ಹೊತ್ತು ಕುಳಿತಿದ್ದು, ಎದ್ದು, ನಮ್ಮ ಪಾದ ಮುಟ್ಟಿ, “ಕಾಕಾ, ನಾ ಹೊಂಡೋ ಹೊತ್ತು ಸರಿಯಾಗೇ ಹೇಳಿದ್ನೆಲ್ಲಾ?” ಎಂದು ಮಾತ್ರ ಕೇಳಿದನು. ಸರಿಯಾಗಿಯೇ ಹೇಳಿದ್ದೆ ಮಗನೇ, ನಾವೇ ತಪ್ಪಾಗಿ ಎಣಿಸಿದೆವು ಎಂದು ಒಪ್ಪಿಕೊಂಡೆವು. ಅವನು ಮತ್ತೇನೂ ಆಡಲಿಲ್ಲ. ಅದೇ ಮಾತನ್ನು ತಾಯಿಯ ಎದುರಿನಲ್ಲಿಯೂ ಒಪ್ಪಿಕೊಂಡೆವು. ಅವರು ಒಳಗೆ ಹೋಗಿ, ಮಗನಿಗೆ ಬಡಿಸಿದ ತಾಟಿನ ಪಕ್ಕದಲ್ಲಿ ನಮಗೂ ಒಂದು ತಾಟು ಇಟ್ಟರು.

ಈಗ ಆ ಮನೆಯ ಪಡಸಾಲೆಯಲ್ಲಿ ಎರಡು ಗಡಿಯಾರಗಳಿವೆ. ಎರಡನೆಯದಕ್ಕೆ ಪ್ರತಿವರ್ಷ ಮಾರ್ಚಿಯಲ್ಲಿಯೂ ನವೆಂಬರಿನಲ್ಲಿಯೂ ಮುಳ್ಳು ತಿರುಗಿಸುವ ಕೆಲಸವನ್ನು ಆ ತಾಯಿ ನಮಗೆ ವಹಿಸಿದ್ದಾರೆ. ನಾವು ಅದನ್ನು ಇದುವರೆಗೆ ತಪ್ಪಿಸಿಲ್ಲ.